ವಿಳಾಸ ಬರೆದಿರುವುದು ಬಾಲದಲ್ಲಿ

ನರಕೋಶದ ನ್ಯೂಕ್ಲಿಯಸ್ಸಿನಿಂದ ಹೊರಟ ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಜೀನ್ ಕಳಿಸುವ ಸಂದೇಶದ ಪ್ರತಿ) 500 ಮೈಕ್ರೋಮೀಟರ್ ಆಚೆಯ ಸಿನಾಪ್ಸ್ (ಎರಡು ನರಕೋಶಗಳು ಸಂಧಿಸುವ ಜಾಗ) ಮುಟ್ಟಬೇಕು ಅಂದುಕೊಳ್ಳಿ. ತಾನಾಗಿ ತೇಲಿಕೊಂಡು ಹೋಗಲಿ ಎಂದು ಬಿಟ್ಟರೆ? ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆಯಾದ ವಿಸರಣ ಗುಣಾಂಕವನ್ನು ಸೆಕೆಂಡಿಗೆ 0.1 ಚದರ ಮೈಕ್ರೋಮೀಟರ್ ಎಂದು ಹಿಡಿದು, ದೂರದ ವರ್ಗವನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 12.5 ಲಕ್ಷ ಸೆಕೆಂಡ್ ಬರುತ್ತದೆ. ಅಂದರೆ ಎರಡು ವಾರ. ಎಷ್ಟೋ ಎಂಆರ್‌ಎನ್‌ಎಗಳ ಆಯಸ್ಸೇ ಕೆಲವು ಗಂಟೆ. ಸರಕು ಸಾಗಿಸುವ ಮೋಟಾರ್ ಪ್ರೋಟೀನ್ ಅದನ್ನು ಹೊತ್ತು ಸೆಕೆಂಡಿಗೆ 1 ಮೈಕ್ರೋಮೀಟರ್ ಓಡಿದರೆ ಎಂಟೊಂಬತ್ತು ನಿಮಿಷ ಸಾಕು.

ಯಾವುದನ್ನು ಹೊರಬೇಕು ಎಂಬ ಗುರುತು ಸಾಮಾನ್ಯವಾಗಿ ಪ್ರೋಟೀನಾಗಿ ಅನುವಾದವಾಗದ 3′ ತುದಿಯಲ್ಲಿ, ಅಂದರೆ ಬಾಲದಲ್ಲಿ, ಇರುತ್ತದೆ. ಕೋಶದ ಹಂದರ ಕಟ್ಟುವ ಬೀಟಾ-ಆಕ್ಟಿನ್ ಪ್ರೋಟೀನಿನ ಎಂಆರ್‌ಎನ್‌ಎಯಲ್ಲಿ ಅದು ಬರೀ 54 ಅಕ್ಷರ, ಹೆಸರೇ 'ಜಿಪ್‌ಕೋಡ್'. ಜೆಡ್‌ಬಿಪಿ1 ಎಂಬ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಹೀಗೆ ಕಟ್ಟಿದ ಗಂಟು ಕೈನೆಸಿನ್ ಅಥವಾ ಡೈನೀನ್ ಎಂಬ ಮೋಟಾರ್ ಪ್ರೋಟೀನಿನ ಬೆನ್ನೇರಿ ಮೈಕ್ರೋಟ್ಯೂಬ್ಯೂಲ್ ಹಳಿಯ ಮೇಲೆ ಸಾಗುತ್ತದೆ. ಕೈನೆಸಿನ್ನಿನ ಒಂದು ಹೆಜ್ಜೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ (ಕೋಶದ ಇಂಧನ ಅಣು). ಒಂದು ಮೈಕ್ರೋಮೀಟರ್‌ಗೆ 125 ಎಟಿಪಿ. ನರಕೋಶದ ಸಂಕೇತ ಹೊರಗೊಯ್ಯುವ ಆಕ್ಸಾನಿನಲ್ಲಿ ಹಳಿಗಳೆಲ್ಲ ಒಂದೇ ದಿಕ್ಕಿಗಿವೆ. ಸಂಕೇತ ಪಡೆಯುವ ಕವಲಾದ ಡೆಂಡ್ರೈಟ್‌ನಲ್ಲಿ, ಸಸ್ತನಿಗಳಲ್ಲಿ, ಎರಡೂ ದಿಕ್ಕಿನವು ಬೆರೆತಿವೆ. ಅಲ್ಲಿ ಗಂಟುಗಳು ಮುಂದೆ ಹೋಗಿ, ನಿಂತು, ಹಿಂದೆ ಬಂದು, ಮತ್ತೆ ಮುಂದೆ ಹೋಗುವುದು ಸಹಜ, ದೋಷವಲ್ಲ.

ನನ್ನ ಮಟ್ಟಿಗೆ ಸಾಗಣೆಗಿಂತ ದೊಡ್ಡ ಸಂಗತಿ ದಾರಿಯುದ್ದದ ಮೌನ. ನಡುದಾರಿಯಲ್ಲೇ ಪ್ರೋಟೀನ್ ಕಟ್ಟುವ ರೈಬೋಸೋಮ್ ಕೆಲಸ ಶುರುಮಾಡಿದರೆ ಪ್ರೋಟೀನ್ ತಪ್ಪು ಜಾಗದಲ್ಲಿ ಹುಟ್ಟುತ್ತದೆ. ಹೊತ್ತೊಯ್ಯುವ ಜೆಡ್‌ಬಿಪಿ1 ಬಾಯಿಯನ್ನೂ ಕಟ್ಟಿರುತ್ತದೆ. ತಲುಪಿದ ಜಾಗದಲ್ಲಿ ಸಾರ್ಕ್ ಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸಿದಾಗ ಹಿಡಿತ ಸಡಿಲವಾಗಿ ಅನುವಾದ ಆರಂಭ. ಈ ಮೌನ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆ ನೋಡಿ: ಒಂದು ಜೀನಿನಲ್ಲಿ ಸಿಜಿಜಿ ಅಕ್ಷರಗಳ ಪುನರಾವರ್ತನೆ 200 ದಾಟಿದಾಗ ಆ ಜೀನ್ ಮುಚ್ಚಿಹೋಗುತ್ತದೆ, ಅನುವಾದಕ್ಕೆ ತಡೆಯೊಡ್ಡುವ ಎಫ್‌ಎಂಆರ್‌ಪಿ ಪ್ರೋಟೀನ್ ಇಲ್ಲವಾಗುತ್ತದೆ, ಸಿನಾಪ್ಸ್‌ಗಳಲ್ಲಿ ತಡೆಯಿಲ್ಲದೆ ಪ್ರೋಟೀನ್ ತಯಾರಾಗುತ್ತದೆ. ಕೆಲವು ಗಂಟುಗಳು ಕೋಶದ ಕಸ ಕರಗಿಸುವ ಚೀಲವಾದ ಲೈಸೋಸೋಮ್‌ಗೆ ಅಂಟಿಕೊಂಡು ಪಯಣಿಸುತ್ತವೆ. ಆ ಅಂಟು ಅನೆಕ್ಸಿನ್ ಎ11 ಎಂಬ ಪ್ರೋಟೀನ್. ಅದರ ರೂಪಾಂತರಗಳು ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶಗಳು ಸಾಯುವ ಕಾಯಿಲೆ) ರೋಗಿಗಳಲ್ಲಿ ಸಿಕ್ಕಿವೆ.

ಇದನ್ನು ಜೀವಂತ ಕೋಶದಲ್ಲಿ ನೋಡಲು ಎಂಎಸ್2 ವಿಧಾನವಿದೆ: ಎಂಆರ್‌ಎನ್‌ಎ ಬಾಲಕ್ಕೆ 24 ಕುಣಿಕೆ ಸೇರಿಸಿ, ಅವುಗಳಿಗೆ ಹೊಳೆಯುವ ಪ್ರೋಟೀನ್ ಅಂಟಿಸುವುದು. ಆ ಪ್ರೋಟೀನ್ ಅತಿಯಾದರೆ ಹಿನ್ನೆಲೆಯೇ ಬೆಳಗಿ ಚುಕ್ಕೆ ಕಾಣುವುದಿಲ್ಲ. ಅದಕ್ಕಿಂತ ಮೋಸದ್ದು ಇನ್ನೊಂದು: ಎಂಆರ್‌ಎನ್‌ಎ ಕೊಳೆತ ಮೇಲೂ ಕುಣಿಕೆಯ ಚೂರು ಉಳಿದು ಹೊಳೆಯಬಹುದು. ಹಾಗಾಗಿ ಕೋಶಗಳನ್ನು ಫಿಕ್ಸ್ ಮಾಡಿ (ರಾಸಾಯನಿಕದಿಂದ ಇದ್ದಲ್ಲೇ ಸ್ಥಿರಗೊಳಿಸಿ), ಪ್ರೋಟೀನಿನ ಸೂಚನೆಯಿರುವ ಕೋಡಿಂಗ್ ಭಾಗಕ್ಕೊಂದು ಬಣ್ಣ, ಕುಣಿಕೆಗೊಂದು ಬಣ್ಣದ ಪ್ರೋಬ್ (ಆ ಭಾಗಕ್ಕೇ ಅಂಟುವ ಹೊಳೆಯುವ ತುಣುಕು) ಹಾಕಿ. ಎರಡೂ ಒಂದೇ ಚುಕ್ಕೆಯಲ್ಲಿ ಕಂಡರೆ ಮಾತ್ರ ಅದನ್ನು ಇಡೀ ಎಂಆರ್‌ಎನ್‌ಎ ಎಂದು ಎಣಿಸಿ.