ಕೆಳಗಿರೋದು ಯಾವ ವರ್ಷದ್ದು?

ಭಾನುವಾರ ಶಿರಸಿಯ ಚಿಕ್ಕಪ್ಪನ ಮನೆಯಲ್ಲಿ ಊಟವಾಗಿತ್ತು. ಭಾವ ಕೈ ಒರೆಸುವ ಮೊದಲೇ ಮೊಬೈಲ್ ತೆಗೆದರು. ಒಳ್ಳೆಯವರೇ, ಆದರೆ ಷೇರಿನ ಮಾತು ಬಂತೆಂದರೆ ಅವರ ಕಣ್ಣಿಗೆ ನಾವೆಲ್ಲ ದಡ್ಡರು.

“ಬ್ಯಾಂಕ್ ಷೇರಿಗೆ ಒಂದೇ ಲೆಕ್ಕ ಸಾಕು ಮಾವ. ಪಿ-ಇ, ಅಂದ್ರೆ ಷೇರಿನ ರೇಟನ್ನ ಒಂದು ಷೇರಿನ ಪಾಲಿಗೆ ಬರೋ ವರ್ಷದ ಲಾಭದಿಂದ ಭಾಗಿಸಿದ್ದು, ಹತ್ತು ಹನ್ನೊಂದು ಇದ್ರೆ ಅಗ್ಗ, ಮೂವತ್ತು ದಾಟಿದ್ರೆ ದುಬಾರಿ.”

ಚಿಕ್ಕಪ್ಪ ಅಡಿಕೆ ಕತ್ತರಿಸುತ್ತಲೇ ಕೇಳಿದರು. “ಮೇಲಿರೋದು ಇವತ್ತಿನ ರೇಟು. ಕೆಳಗಿರೋ ಲಾಭ ಯಾವ ವರ್ಷದ್ದು ಅಳಿಯಂದ್ರೇ?”

ಭಾವನಿಗಿಂತ ಜಾಸ್ತಿ ನನಗೇ ಚುಚ್ಚಿತು. 2019ರಲ್ಲಿ ನಾನು ಎಸ್‌ಬಿಐ ಷೇರು ಮಾರಿದ್ದು ಇದೇ ಲೆಕ್ಕ ಹಾಕಿ. 2018ರ ಮಾರ್ಚ್‌ಗೆ ಮುಗಿದ ವರ್ಷ ಬ್ಯಾಂಕಿಗೆ 6,547 ಕೋಟಿ ನಷ್ಟ. ಮರುವರ್ಷ ಲಾಭ ಬಂತು, ಬರೀ 862 ಕೋಟಿ. ಷೇರುಗಳೋ 892 ಕೋಟಿ. ಒಂದು ಷೇರಿನ ಪಾಲಿಗೆ ಒಂದು ರೂಪಾಯಿಯೂ ಇಲ್ಲ! ರೇಟು 320ರ ಆಸುಪಾಸು. ಭಾಗಿಸಿದರೆ ಪಿ-ಇ 330. ಹೆದರಿ ಮಾರಿಬಿಟ್ಟೆ.

ಬ್ಯಾಂಕಿನ ವ್ಯವಹಾರವೇನೂ ನಿಂತಿರಲಿಲ್ಲ. ವಸೂಲಾಗದ ಸಾಲಗಳಿಗೆ ಎತ್ತಿಟ್ಟ ಹಣ ಲಾಭವನ್ನು ನುಂಗಿತ್ತು, ಅಷ್ಟೇ. 2024ರ ಮಾರ್ಚ್‌ಗೆ ಲಾಭ 61,077 ಕೋಟಿ, ಷೇರು ಸುಮಾರು 750, ಪಿ-ಇ 11. ನಾನು ದುಬಾರಿ ಅಂತ ಬಿಟ್ಟದ್ದು ಎರಡು ಪಟ್ಟು ದಾಟಿ ಏರಿದ ಮೇಲೆ ‘ಅಗ್ಗ’ ಆಗಿತ್ತು!

“ಕೊಳೆರೋಗ ಬಂದ ವರ್ಷದ ಫಸಲು ನೋಡಿ ಯಾರಾದ್ರೂ ತೋಟಕ್ಕೆ ಬೆಲೆ ಕಟ್ತಾರಾ?” ಚಿಕ್ಕಪ್ಪ ಮತ್ತೆ ಕೇಳಿದರು. ಭಾವ ನಕ್ಕರು, ಸುಮ್ನೆ. ನಾನು ನಗಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ಕೊರೆಯುತ್ತಿತ್ತು. ಕೆಳಗಿರೋದು ಯಾವ ವರ್ಷದ್ದು? ಬಂಪರ್ ಫಸಲಿನ ವರ್ಷದ್ದೂ ಮೋಸವೇ ಅಲ್ವಾ? ಹಂಚಿದ ಸಾಲವೆಲ್ಲ ಹೊಸದಾಗಿ, ಕಂತು ಸರಿಯಾಗಿ ಬರುವಾಗ ಯಾವ ಬ್ಯಾಂಕೂ ಗಟ್ಟಿಯಾಗೇ ಕಾಣುತ್ತದೆ. ಕೆಟ್ಟ ಸಾಲ ತಲೆ ಎತ್ತುವುದು ವರ್ಷಗಳಾದ ಮೇಲೆ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ್ಯಪ್‌ನ ಕೆಂಪು ಬಣ್ಣ ನೋಡಿದಾಗ ನೆನಪಾಗಲಿಲ್ಲ.

ಹೊರಡುವ ಮುಂಚೆ ಚಿಕ್ಕಪ್ಪ ತಮ್ಮ ಉದ್ದನೆಯ ಲೆಕ್ಕದ ಪುಸ್ತಕ ತೋರಿಸಿದ್ದರು. ಪ್ರತಿ ಮಾರ್ಚ್‌ಗೂ ಪೆನ್ಸಿಲ್‌ನಲ್ಲಿ ಎಸ್‌ಬಿಐನ ಒಂದು ಸಾಲು: ರೇಟು, ಲಾಭ, ಪುಸ್ತಕ ಮೌಲ್ಯ (ಆಸ್ತಿಯಲ್ಲಿ ಕೊಡಬೇಕಾದದ್ದನ್ನೆಲ್ಲ ಕಳೆದು ಉಳಿದದ್ದು), ಪಿ-ಇ. 2018ರ ಪಿ-ಇ ಜಾಗದಲ್ಲಿ ಬರೀ ಗೀಟು. “ನಷ್ಟದಿಂದ ಏನು ಭಾಗಿಸೋದು?” ಅಂದರು. 2024ರ ಎದುರು 11. ಅದರ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆ.