ಹಕ್ಕಿ ಹೆಸರಿನ ಬಾಲ ಹಿಡಿದು ನೋಡಿದರೆ

ಕಾಸರಗೋಡಿನ ತೋಟಗಳಲ್ಲಿ ಕಾಣುವ ಎಲೆಹಕ್ಕಿಗಳಲ್ಲಿ ಒಂದರ ಹೆಸರು ಜೆರ್ಡನ್ಸ್ ಲೀಫ್‌ಬರ್ಡ್. ಇದನ್ನು ಮೊದಲು ವರ್ಣಿಸಿದವನು ಜೆರ್ಡನ್ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅಲ್ಲ. ವೈಜ್ಞಾನಿಕ ಹೆಸರನ್ನು ಪೂರ್ತಿ ಬರೆದರೆ ಹೀಗೆ: ಕ್ಲೊರಾಪ್ಸಿಸ್ ಜೆರ್ಡೋನಿ (ಬ್ಲೈತ್, 1844). ಹೆಸರಿಟ್ಟವನು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್. ಗೌರವ ಸಂದದ್ದು ಮದ್ರಾಸ್ ಸೈನ್ಯದ ವೈದ್ಯ ಟಿ. ಸಿ. ಜೆರ್ಡನ್‌ಗೆ, ನಮ್ಮ ಊರೂ ಆಗ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆವರಣ ಚಿಹ್ನೆಗೂ ಅರ್ಥವಿದೆ: ಹಕ್ಕಿಯನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಬದಲಾಯಿತು.

ಯಾರ ನೆನಪಿಗೆ ಎಂಬುದನ್ನು ಹೇಳುವುದು ಎರಡನೆಯ ಪದದ ಬಾಲ. ಗಂಡಸಾದರೆ ‘ಇ’, ಹೆಂಗಸಾದರೆ ‘ಏ’, ಹಲವರಾದರೆ (ಬರೀ ಹೆಂಗಸರ ಗುಂಪಲ್ಲದಿದ್ದರೆ) ‘ಓರಮ್’. ತೋಟದ ನೆರಳಲ್ಲಿರುವ ನೀಲಿ ನೊಣಹಿಡುಕವನ್ನು (ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್) ಎಲ್ಲರೂ ಟಿಕೆಲ್ ಸಾಹೇಬನ ಹಕ್ಕಿ ಎಂದೇ ಓದುತ್ತಾರೆ. ಆದರೆ ಲ್ಯಾಟಿನ್‌ನಲ್ಲಿ ಅದು ಟಿಕೆಲ್ಲಿಯೇ, ಅಂದರೆ ಸ್ತ್ರೀಲಿಂಗ. ಇಂಗ್ಲಿಷ್ ಹೆಸರು ಆ ಸುಳಿವನ್ನು ನುಂಗಿಬಿಟ್ಟಿದೆ.

ಬಾಲವೂ ಕೆಲವೊಮ್ಮೆ ಕೈಕೊಡುತ್ತದೆ. ಚಳಿಗಾಲದಲ್ಲಿ ಪೊದೆಯೊಳಗೆ ‘ಚೆಕ್ ಚೆಕ್’ ಎನ್ನುವ ಬ್ಲೈತ್ಸ್ ರೀಡ್ ವಾರ್ಬ್ಲರ್ ನೋಡಿ: ಅಕ್ರೊಸೆಫಾಲಸ್ ಡ್ಯೂಮೆಟೋರಮ್. ಇಲ್ಲಿ ‘ಓರಮ್’ ಇದ್ದರೂ ಮನುಷ್ಯರು ಯಾರೂ ಇಲ್ಲ, ‘ಪೊದೆಗಳ’ ಎಂದಷ್ಟೇ ಅರ್ಥ. 1849ರಲ್ಲಿ ಹೆಸರಿಟ್ಟವನು ಬ್ಲೈತನೇ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ರೂಢಿ ಇಲ್ಲವಲ್ಲ, ಹಾಗಾಗಿ ಅವನಿಗೆ ಸಿಕ್ಕಿದ್ದು ಇಂಗ್ಲಿಷ್ ಹೆಸರಿನಲ್ಲಿ ಮಾತ್ರ. ಬ್ಲೈತ್ಸ್ ಪಿಪಿಟ್ ಇನ್ನೂ ತಮಾಷೆ: ಇಂಗ್ಲಿಷಿನಲ್ಲಿ ಬ್ಲೈತ್, ಲ್ಯಾಟಿನ್ನಿನಲ್ಲಿ ಪೋಲೆಂಡಿನ ಗೊಡ್ಲೆವ್‌ಸ್ಕಿ.

ಬಾಳೆಹೂವಿಗೆ ಬರುವ ಉದ್ದ ಕೊಕ್ಕಿನ ಸೂರಕ್ಕಿ ಸಿಂಹಳದ ಡಚ್ ಗವರ್ನರ್ ಲೋಟನ್‌ನ ಹೆಸರಿನದು. ಲೊಟೇನಿಯಸ್ ಎಂಬುದು ವಿಶೇಷಣವಾದ್ದರಿಂದ ಮೇಲಿನ ಲೆಕ್ಕಕ್ಕೆ ಸಿಗುವುದಿಲ್ಲ.

ಕಂಡ ಹಕ್ಕಿಗಳ ಪಟ್ಟಿ ಬರೆಯುವವರು ಎಡವುವುದು ಇಂಗ್ಲಿಷ್ ಹೆಸರಿನಲ್ಲೇ. ಹಳೆಯ ಪುಸ್ತಕದ ಟಿಕೆಲ್ಸ್ ಫ್ಲವರ್‌ಪೆಕರ್, ಈಗಿನ ಪೇಲ್-ಬಿಲ್ಡ್ ಫ್ಲವರ್‌ಪೆಕರ್ ಎರಡೂ ಒಂದೇ ಹಕ್ಕಿ. ಇಂಗ್ಲಿಷ್ ಹೆಸರು ಮಾತ್ರ ಬರೆದರೆ ಲೆಕ್ಕದಲ್ಲಿ ಎರಡಾಗುತ್ತದೆ. ಪಕ್ಕದಲ್ಲಿ ಡೈಕಿಯಮ್ ಎರಿತ್ರೊರಿಂಕಸ್ ಎಂದು ಬರೆದಿಟ್ಟರೆ ಆ ತಾಪತ್ರಯವಿಲ್ಲ. ಅಮೆರಿಕದ ಪಕ್ಷಿತಜ್ಞರ ಸಂಘ ವ್ಯಕ್ತಿಗಳ ಹೆಸರುಳ್ಳ ಇಂಗ್ಲಿಷ್ ಹೆಸರುಗಳನ್ನು ಬದಲಿಸುವುದಾಗಿ 2023ರಲ್ಲಿ ಹೇಳಿತು. ಅದು ಅಲ್ಲಿನ ಹಕ್ಕಿಗಳ ಮಾತು, ವೈಜ್ಞಾನಿಕ ಹೆಸರಿಗೂ ತಟ್ಟುವುದಿಲ್ಲ.

ನಮ್ಮ ಸಾಲಿಂ ಅಲಿಯ ಹೆಸರಿನ ಹಿಮಾಲಯದ ಥ್ರಷ್ 2016ರದು: ಝೂಥೆರಾ ಸಲಿಮಲಿಐ. ಹೆಸರು, ಮನೆತನ ಎರಡನ್ನೂ ಒಂದೇ ಪದವಾಗಿ ಹೊಸೆದಿದ್ದಾರೆ. ಲ್ಯಾಟಿನ್ ಅಕ್ಷರದಲ್ಲಿ ಕೊನೆಗೆ ಎರಡು ಐ (i) ಇರುತ್ತದೆ, ಒಂದು ಅಲಿಯದು, ಇನ್ನೊಂದು ಗೌರವದ್ದು. ಬರೆಯುವಾಗ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಎರಡನೆಯದೇ.