ಆರು ಗಂಟೆಯ ಹಕ್ಕಿ

ಕೊಡಗಿಗೆ ಹೋಗುವುದಾದರೆ ಮಳೆಗಾಲದಲ್ಲಿ ಹೋಗಬೇಕು, ಇಲ್ಲವೇ ಮಂಜು ಕವಿದ ಡಿಸೆಂಬರಿನಲ್ಲಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಉಗಾದಿ ಕಳೆದ ಮೂರನೆಯ ದಿನ ನಾನು ಮೈಸೂರಿನಲ್ಲಿ ಬ್ಯಾಗು ಹೆಗಲಿಗೇರಿಸಿದಾಗ ಪಕ್ಕದ ಮನೆಯವರು, ‘ಈ ಬಿಸಿಲಿನಲ್ಲಿ ಅಲ್ಲೇನು ನೋಡುತ್ತೀರಿ?’ ಎಂದರು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಸೋಮವಾರಪೇಟೆಯ ಹತ್ತಿರ ನನ್ನ ಸೋದರಮಾವನಿಗೆ ನಾಲ್ಕು ಎಕರೆ ಕಾಫಿ ತೋಟವಿದೆ. ‘ಹೂಮಳೆ ಬಿದ್ದು ವಾರವಾಯಿತು, ಬರುವುದಾದರೆ ಈಗ ಬಾ’ ಎಂದು ಅವರು ಫೋನ್ ಮಾಡಿದ್ದರು. ಹೊರಡಲು ನನಗೆ ಅಷ್ಟು ಸಾಕಾಗಿತ್ತು.

ಹೂಮಳೆ ಎಂದರೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬರುವ ಮೊದಲ ಮಳೆ. ಒಂದು ಇಂಚಾದರೂ ಸುರಿದರೆ ಮೊಗ್ಗು ಕಟ್ಟಿಕೊಂಡು ಕಾದಿದ್ದ ಗಿಡಗಳು ಎಂಟು ಹತ್ತು ದಿನಕ್ಕೆ ಒಟ್ಟಿಗೆ ಅರಳುತ್ತವೆ. ಎರಡು ಮೂರು ದಿನ ಬೆಳ್ಳಗೆ ಕಂಡು, ಆಮೇಲೆ ಕಂದಾಗಿ ಉದುರುತ್ತವೆ. ಅದಕ್ಕೇ ಮಾವನಿಗೆ ಅವಸರ.

ಕುಶಾಲನಗರ ದಾಟಿದ ಮೇಲೆ ಬಸ್ಸಿನ ಟೈರ್ ಪಂಕ್ಚರ್ ಆಯಿತು. ಮುಕ್ಕಾಲು ಗಂಟೆ ರಸ್ತೆಯ ಬದಿಯಲ್ಲಿ ನಿಂತೆವು. ಉಳಿದವರು ನಿರ್ವಾಹಕರ ಮೇಲೆ ಹರಿಹಾಯುತ್ತಿದ್ದಾಗ ನಾನು ತಲೆ ಎತ್ತಿ ವಿದ್ಯುತ್ ತಂತಿಯನ್ನು ನೋಡುತ್ತಿದ್ದೆ. ಕವಲುತೋಕೆಗಳು ಸಾಲಾಗಿ ಕುಳಿತಿದ್ದವು. ನೂರ ಹತ್ತರವರೆಗೆ ಎಣಿಸಿದೆ, ಅಷ್ಟರಲ್ಲಿ ಅವು ಒಮ್ಮೆಲೇ ಎದ್ದು, ಗದ್ದೆಯ ಮೇಲೆ ಒಂದು ಸುತ್ತು ಹಾಕಿ, ಜಾಗ ಬದಲಿಸಿ ಕುಳಿತವು. ಚಳಿಗಾಲ ಕಳೆಯಲು ಉತ್ತರದಿಂದ ಬಂದವು ಅವು, ಈಗ ಮರಳಿ ಹೊರಡುವ ಮೊದಲು ಒಟ್ಟುಗೂಡುತ್ತಿದ್ದವು. ನಮ್ಮ ಹಾಗೆಯೇ ದಾರಿ ಕಾಯುತ್ತಿದ್ದರೂ ಅವುಗಳಿಗೆ ಯಾರ ಮೇಲೂ ಸಿಟ್ಟಿದ್ದಂತೆ ಕಾಣಲಿಲ್ಲ.

ಮನೆ ಮುಟ್ಟುವಾಗ ಐದೂವರೆ. ಅತ್ತೆ ಉಗಾದಿಯ ಉಳಿದ ಒಬ್ಬಟ್ಟನ್ನು ಕಾವಲಿಯ ಮೇಲೆ ಬಿಸಿ ಮಾಡಿ ಕೊಟ್ಟರು. ಜಗಲಿಯಲ್ಲಿ ಕುಳಿತರೆ ತೋಟದ ಇಳಿಜಾರು ಪೂರ್ತಿ ಕಾಣುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅವುಗಳ ಕೆಳಗೆ ಕೊಂಬೆ ಕೊಂಬೆಗೂ ಹತ್ತಿ ಸುತ್ತಿದಂತೆ ನಿಂತ ಕಾಫಿ ಗಿಡ. ಆ ವಾಸನೆಯನ್ನು ಮಲ್ಲಿಗೆಗೆ ಹೋಲಿಸುವುದು ವಾಡಿಕೆ. ನನಗೆ ಅದು ಮಲ್ಲಿಗೆಗಿಂತ ಸ್ವಲ್ಪ ದಪ್ಪ, ಹೊತ್ತು ಹೋದಂತೆ ತಲೆ ಭಾರ ಮಾಡುವ ವಾಸನೆ. ತುಡುವೆ ಜೇನಿನ ಗುಂಯ್‌ಗುಟ್ಟುವಿಕೆ ಮುಸ್ಸಂಜೆಯಾದರೂ ನಿಂತಿರಲಿಲ್ಲ.

ಮಾವ ಗೋಡೆಯ ಗಡಿಯಾರವನ್ನು ನೋಡಿದರು. ‘ಈಗ ಕೇಳು.’

ಆರು ಗಂಟೆಗೆ ಎರಡು ನಿಮಿಷ ಇರುವಾಗ ತೋಟದ ತಗ್ಗಿನಿಂದ ಎರಡೇ ಸ್ವರದ ಒಂದು ಸಿಳ್ಳೆ ಬಂತು. ಮೊದಲ ಸ್ವರ ಏರಿ, ಎರಡನೆಯದು ಇಳಿಯಿತು. ಸ್ವಲ್ಪ ತಡೆದು ಇನ್ನೊಮ್ಮೆ. ಐದಾರು ಸಲ ಆದ ಮೇಲೆ ನಿಂತಿತು.

‘ದಿನವೂ ಹೀಗೆಯೇ. ದೀಪಾವಳಿ ಕಳೆದಾಗಿನಿಂದ ಕೇಳುತ್ತಿದ್ದೇನೆ, ಒಂದು ದಿನವೂ ಕಂಡಿಲ್ಲ. ಏನದು?’

‘ನವರಂಗ, ಮಾವ. ತಮಿಳಿನವರು ಇದನ್ನು ಆರುಮಣಿ ಕುರುವಿ ಎನ್ನುತ್ತಾರೆ, ಆರು ಗಂಟೆಯ ಹಕ್ಕಿ ಎಂದು.’

‘ಸರಿಯಾದ ಹೆಸರು’ ಎಂದು ಮಾವ ಒಪ್ಪಿದರು. ನವರಂಗ ಎಂಬುದು ಅವರಿಗೆ ಹಿಡಿಸಲಿಲ್ಲ. ಕಾಣದ ಹಕ್ಕಿಗೆ ಬಣ್ಣದ ಹೆಸರೇಕೆ ಎಂಬುದು ಅವರ ವಾದ.

ಮರುದಿನ ಬೆಳಕು ಹರಿಯುವ ಮುಂಚೆಯೇ ಮಾವನ ಹಳೆಯ ಜೀಪಿನಲ್ಲಿ ಹೊನ್ನಮ್ಮನ ಕೆರೆಗೆ ಹೋದೆವು. ಸೋಮವಾರಪೇಟೆಯಿಂದ ಆರು ಕಿಲೋಮೀಟರ್ ದೂರದ ದೊಡ್ಡಮಳ್ತೆಯಲ್ಲಿದೆ ಇದು. ಕೊಡಗಿನ ಕೆರೆಗಳಲ್ಲಿ ಇದೇ ದೊಡ್ಡದು ಎಂದು ಊರವರಿಗೆ ಹೆಮ್ಮೆ. ನೀರು ಬರಲೆಂದು ಕೆರೆಗೆ ತನ್ನನ್ನೇ ಕೊಟ್ಟುಕೊಂಡ ಹೊನ್ನಮ್ಮನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಗೌರಿ ಹಬ್ಬದ ದಿನ ಕೆರೆಗೆ ಬಾಗಿನ ಬಿಡುತ್ತಾರೆ, ಆಗ ದಡದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಈಗ ಗುಡಿಯ ಮುಂದೆ ಮಲಗಿದ್ದ ಒಂದು ನಾಯಿ ಬಿಟ್ಟರೆ ನಾವಿಬ್ಬರೇ.

ನೀರು ಇಳಿದಿತ್ತು. ದಡದ ಸುತ್ತ ಮೂರು ನಾಲ್ಕು ಮಾರು ಅಗಲದ ಕೆಸರಿನ ಪಟ್ಟಿ, ಅದರಾಚೆ ಜೊಂಡು, ಆಮೇಲೆ ನೀರು. ಹಕ್ಕಿ ನೋಡುವವನಿಗೆ ಇಂಥ ಸಮಯವೇ ಬೇಕು. ತುಂಬಿದ ಕೆರೆ ಕಣ್ಣಿಗೆ ಚೆಂದ, ಆದರೆ ಬಕ, ಗೊರವಗಳಿಗೆ ಕಾಲೂರುವ ಜಾಗ ಸಿಗುವುದು ಇಳಿದ ಕೆರೆಯಲ್ಲಿ.

ಮಂಜು ತೆಳುವಾಗುತ್ತಿದ್ದಂತೆ ಮೊದಲು ಕಂಡದ್ದು ನಾಮದ ಕೋಳಿ. ಕಪ್ಪು ಮೈ, ಹಣೆಯಲ್ಲಿ ಬಿಳಿ ನಾಮ, ಒಂದನ್ನೊಂದು ಅಟ್ಟಿಸಿಕೊಂಡು ನೀರಿನ ಮೇಲೆ ಪಟಪಟ ಓಟ. ಜೊಂಡಿನಂಚಿನಲ್ಲಿ ಜಂಬುಕೋಳಿ ಉದ್ದ ಬೆರಳಿನಿಂದ ಒಂದು ದಂಟನ್ನು ಹಿಡಿದು, ಮಕ್ಕಳು ಕಬ್ಬು ತಿನ್ನುವಂತೆ ಸಿಗಿದು ತಿನ್ನುತ್ತಿತ್ತು. ಗುಳುಮುಳುಕಗಳು ಎಂಟಿದ್ದವು. ಚಳಿಗಾಲದಲ್ಲಿ ಇವು ಮಣ್ಣುಬಣ್ಣದ ಮುದ್ದೆಗಳು, ಎರಡನೆಯ ಸಲ ಯಾರೂ ನೋಡುವುದಿಲ್ಲ. ಈಗ ಕತ್ತಿಗೆ ಕೆಂಗಂದು ಬಣ್ಣ ಬಂದು, ಕೊಕ್ಕಿನ ಬುಡದಲ್ಲಿ ಹಳದಿ ಚುಕ್ಕೆ ಮೂಡಿತ್ತು. ಏರಿಯ ಮೇಲೆ ದನಗಳ ಜೊತೆಗಿದ್ದ ಗೋವಕ್ಕಿಗಳಲ್ಲೂ ನಾಲ್ಕೈದಕ್ಕೆ ತಲೆ ಕತ್ತು ಕೇಸರಿಯಾಗಿದ್ದವು. ಉಗಾದಿಗೆ ಹೊಸ ಬಟ್ಟೆ ತೊಡುವುದು ನಾವಷ್ಟೇ ಅಲ್ಲ. ಇವು ಇಲ್ಲಿಯೇ ಗೂಡು ಕಟ್ಟುವ ಹಕ್ಕಿಗಳು, ಇವುಗಳ ಸಂಭ್ರಮ ಈಗಷ್ಟೇ ಶುರು.

ಹೊಸ ಬಟ್ಟೆ ತೊಟ್ಟು ಊರು ಬಿಡುವವರೂ ಇದ್ದರು. ತೂಬಿನ ಕಲ್ಲಿನ ಮೇಲೆ ಒಂದು ಬೂದು ಸಿಪಿಲೆ ಬಾಲ ಕುಣಿಸುತ್ತಿತ್ತು. ಕುಂಡೆಕುಸ್ಕ ಎಂದು ಜನ ಕರೆಯುವುದು ಈ ಬಾಲದ ಕಾರಣಕ್ಕೇ. ನನ್ನಿಂದ ಹತ್ತು ಅಡಿಯೂ ಇರಲಿಲ್ಲ. ದುರ್ಬೀನು ಎತ್ತಿದರೆ ಗಂಟಲ ಬಿಳುಪಿನ ನಡುವೆ ಅಲ್ಲಲ್ಲಿ ಕಪ್ಪು ಗರಿ. ಎರಡು ದಿನ ಕ್ಷೌರ ಮಾಡದ ಗಲ್ಲದಂತೆ ಕಂಡಿತು. ಗಂಡಿಗೆ ಮರಿ ಮಾಡುವ ಕಾಲಕ್ಕೆ ಗಂಟಲು ಪೂರ್ತಿ ಕಪ್ಪಾಗುತ್ತದೆ, ಆ ಕಾಲವನ್ನು ಅದು ಕಳೆಯುವುದು ಹಿಮಾಲಯದಲ್ಲಿ, ಅದರಾಚೆಯ ನಾಡುಗಳಲ್ಲಿ. ಅಲ್ಲಿಗೆ ಬೇಕಾದ ಉಡುಪನ್ನು ಸೋಮವಾರಪೇಟೆಯ ಹುಳು ತಿಂದು ಇಲ್ಲಿಯೇ ಹೊಲಿಸಿಕೊಳ್ಳುತ್ತಿತ್ತು. ಸೆಪ್ಟೆಂಬರಿನಲ್ಲಿ ಮರಳಿ ಬರುವಾಗ ಗಂಟಲು ಮತ್ತೆ ಬಿಳಿ. ವಸಂತ ಎಂದರೆ ಹಕ್ಕಿಗಳು ಬರುವ ಕಾಲ ಎಂದು ನಾನೂ ಎಲ್ಲೋ ಓದಿ ನಂಬಿದ್ದೆ. ಅದು ಉತ್ತರದ ಶೀತದೇಶಗಳ ಮಾತು. ನಮ್ಮ ಕೆರೆಗಳಲ್ಲಿ ವಸಂತವೆಂದರೆ ನೆಂಟರು ಗಂಟು ಕಟ್ಟುವ ಹೊತ್ತು.

ಇನ್ನೊಂದು ಹೆಜ್ಜೆ ಮುಂದಿಟ್ಟರೆ ಗಂಟಲು ಚೆನ್ನಾಗಿ ಕಂಡೀತು ಎನಿಸಿತು. ಇಟ್ಟೆ. ಮೇಲೆ ಒಣಗಿ ಬಿರಿದಿದ್ದ ಕೆಸರು ಒಳಗೆ ಹಸಿಯಾಗಿತ್ತು, ಬಲಗಾಲು ಮೊಣಕಾಲಿನವರೆಗೆ ಹೋಯಿತು. ಎಳೆದುಕೊಂಡಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಮಾವ ಕೋಲು ಕೊಡಲು ಬಂದವರು ನಗು ತಡೆಯಲಾರದೆ ಏರಿಯ ಮೇಲೆ ಕುಳಿತೇ ಬಿಟ್ಟರು. ಸಿಪಿಲೆ ಮಾತ್ರ ಹಾರಲೂ ಇಲ್ಲ. ಉಳಿದೊಂದು ಚಪ್ಪಲಿಯನ್ನು ಬ್ಯಾಗಿಗೆ ಹಾಕಿಕೊಂಡು ಬರಿಗಾಲಲ್ಲಿ ಜೀಪಿಗೆ ನಡೆದೆ. ದಡದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಲೋಟಗಳನ್ನು ಕಂಡು ಬಯ್ಯಬೇಕೆನಿಸಿತು, ಆದರೆ ಕೆರೆಗೆ ಆಗಷ್ಟೇ ಒಂದು ರಬ್ಬರ್ ಚಪ್ಪಲಿ ಅರ್ಪಿಸಿದವನಿಗೆ ಆ ಹಕ್ಕು ಉಳಿದಿರಲಿಲ್ಲ.

ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ ಮುಗಿಸಿದ ಮೇಲೆ ಮಾವ ತೋಟದ ಮೂಲೆಯ ಹಳೆಯ ಕಾಡುಮರದ ಹತ್ತಿರ ಕರೆದುಕೊಂಡು ಹೋದರು. ದಾರಿಯಲ್ಲಿ ಮೊಬೈಲಿನ ಹಕ್ಕಿದನಿ ಗುರುತಿಸುವ ಆ್ಯಪ್ ತೆರೆದೆ. ಸರ್ಪಹದ್ದು ಎಂದಿತು, ಆಮೇಲೆ ಇನ್ನೇನೋ ಎಂದಿತು. ಎದುರಿನ ಕೊಂಬೆಯಲ್ಲಿ ಕುಳಿತಿದ್ದದ್ದು ಒಂದೇ ಒಂದು ಭೀಮರಾಜ, ಎರಡು ಉದ್ದ ಗರಿ ಬಾಲದ ಹಿಂದೆ ತೂಗಾಡುತ್ತಿದ್ದವು. ಅನುಕರಣೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಮಾವ ಮೊಬೈಲನ್ನು ನೋಡಿ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಮರದ ಬುಡದಿಂದ ದೂರದಲ್ಲಿ ಕಾಫಿ ಗಿಡಗಳ ಮರೆಯಲ್ಲಿ ಕುಳಿತೆವು. ಇಪ್ಪತ್ತಡಿ ಎತ್ತರದಲ್ಲಿ ಕೊಂಬೆ ಮುರಿದಲ್ಲಿ ಒಂದು ಪೊಟರೆ. ಅದರ ಬಾಯಿಗೆ ಸಗಣಿ ಮೆತ್ತಿದಂತೆ ಏನೋ ಮೆತ್ತಿ, ನಡುವೆ ಬೆರಳಗಲದ ಸೀಳು ಉಳಿಸಲಾಗಿತ್ತು. ಅರ್ಧ ಗಂಟೆಯಾದ ಮೇಲೆ ತೋಟದಾಚೆಯಿಂದ ಯಾರೋ ಕೆಟ್ಟದಾಗಿ ನಕ್ಕ ಹಾಗೆ ಸದ್ದು. ಮಲೆ ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಗಂಡು ಬಂದು ಪೊಟರೆಯ ಅಂಚಿಗೆ ಜೋತುಕೊಂಡು, ಕತ್ತು ಕೊಂಕಿಸಿ ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದಿತು. ಸೀಳಿನೊಳಗಿಂದ ಇನ್ನೊಂದು ಕೊಕ್ಕು ಹೊರಬಂದು ಅದನ್ನು ತೆಗೆದುಕೊಂಡಿತು. ಮತ್ತೊಂದು ಹಣ್ಣು, ಮತ್ತೊಂದು. ಹದಿಮೂರು ಎಣಿಸಿದೆ. ಅಷ್ಟನ್ನೂ ಗಂಟಲಲ್ಲಿ ಹೊತ್ತು ತಂದಿತ್ತು. ಹೆಣ್ಣು ಒಳಗೆ ಸೇರಿಕೊಂಡು ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ, ರೆಕ್ಕೆಯ ಗರಿ ಉದುರಿಸಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಅಷ್ಟು ದಿನವೂ ಗಂಡು ತಂದದ್ದೇ ಊಟ.

‘ಈ ಮರವನ್ನು ಮರಗಸಿಗೆ ಬಿಡುವುದಿಲ್ಲ’ ಎಂದರು ಮಾವ ಪಿಸುದನಿಯಲ್ಲಿ. ಮಳೆಗೆ ಮುಂಚೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸವೇ ಮರಗಸಿ. ‘ಹೋದ ವರ್ಷ ಆಳುಗಳು ಹತ್ತಲು ಹೊರಟಿದ್ದರು. ಒಳಗೆ ಬಾಣಂತಿ ಇದ್ದಾಳೆ, ಇಳಿಯಿರಿ ಎಂದೆ. ಇಳಿದರು. ಇದರ ನೆರಳಿಗೆ ಕೆಳಗಿನ ಆರು ಗಿಡಗಳಲ್ಲಿ ಕಾಫಿ ಕಡಿಮೆ, ಅದೂ ನಿಜ.’ ನಷ್ಟದ ಲೆಕ್ಕವನ್ನು ಅವರು ಮರೆತಿರಲಿಲ್ಲ ಎಂಬುದು ನನಗೆ ಇಷ್ಟವಾಯಿತು.

ಹಿಂತಿರುಗುವಾಗ ತರಗೆಲೆಯಲ್ಲಿ ಸರಸರ ಸದ್ದು. ಓತಿ ಇರಬೇಕು ಎಂದುಕೊಂಡು ಬಗ್ಗಿದೆ. ಗಿಡದ ಬುಡದ ಕತ್ತಲಲ್ಲಿ, ಕೋಳಿಮರಿಯಷ್ಟು ಗಾತ್ರದ ಒಂದು ಹಕ್ಕಿ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಎತ್ತಿ ಪಕ್ಕಕ್ಕೆಸೆಯುತ್ತಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ದಪ್ಪ ಕಪ್ಪು ಪಟ್ಟಿ, ಬಾಲ ಇಲ್ಲವೇ ಇಲ್ಲವೆನ್ನುವಷ್ಟು ಮೋಟು. ಎರೆಹುಳು ಎಳೆಯಲು ಮುಂದೆ ಬಾಗಿದಾಗ ಬಾಲದ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು ಕಂಡಿತು. ಮಾವನ ತೋಳನ್ನು ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಹಕ್ಕಿ ಎರಡು ಬಾರಿ ಕುಪ್ಪಳಿಸಿ ಮರೆಯಾಯಿತು.

‘ಇದೇನೋ ಅದು?’

‘ಅದೇ.’

‘ಹಾಗಾದರೆ ನವರಂಗ ಎನ್ನಬಹುದು’ ಎಂದರು.

ಮಧ್ಯಾಹ್ನ ಸುಂಟಿಕೊಪ್ಪದ ಮೇಲೆ ಚಿಕ್ಲಿಹೊಳೆಗೆ ಹೋದೆವು. ಕಾವೇರಿಯ ಉಪನದಿಗೆ ಕಟ್ಟಿದ ಸಣ್ಣ ಜಲಾಶಯ. ಮಳೆಗಾಲದಲ್ಲಿ ಅರ್ಧಚಂದ್ರಾಕಾರದ ಕೋಡಿಯಿಂದ ನೀರು ಧುಮುಕುವಾಗ ಜನ ಮುಗಿಬೀಳುತ್ತಾರೆ. ಈಗ ಕೋಡಿ ಒಣಗಿ, ಹಿನ್ನೀರು ಸರಿದು, ಹುಲ್ಲು ಚಿಗುರಿದ ಬಯಲಾಗಿತ್ತು. ಆಚೆ ದಡಕ್ಕೆ ಮೀನುಕೊಲ್ಲಿ ಕಾಡು. ಬಯಲಿಗೆ ಇಳಿದದ್ದೇ ತಡ, ಒಂದು ಜೋಡಿ ಟಿಟ್ಟಿಭ ಆಕಾಶ ಭೂಮಿ ಒಂದು ಮಾಡಿದವು. ಹಳೆಯ ಕಥೆಯಲ್ಲಿ ಸಮುದ್ರದ ಮೇಲೆಯೇ ಜಗಳಕ್ಕೆ ನಿಂತ ಹಕ್ಕಿ ಅದು, ನಾವು ಯಾವ ಲೆಕ್ಕ. ಎಚ್ಚರದಿಂದ ಕಾಲಿಟ್ಟ ಕಾರಣಕ್ಕೆ ಕಂಡಿತು: ಬೆಣಚು ಕಲ್ಲುಗಳ ನಡುವೆ ಅಂಗೈಯಗಲದ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಬಣ್ಣ ಪಕ್ಕದ ಕಲ್ಲಿನದೇ. ಹಿಂದೆ ಸರಿದು ದೂರದ ಮರದಡಿ ಕುಳಿತೆವು. ಹೆಣ್ಣೋ ಗಂಡೋ, ಒಂದು ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕುಳಿತಿತು. ಸುಡುವ ನೆಲದ ಮೇಲೆ ಮೊಟ್ಟೆ ಬೇಯದಿರಲು ಅದಕ್ಕೆ ಗೊತ್ತಿರುವ ಉಪಾಯ.

ಮೊಟ್ಟೆಗಳಿಂದ ಹದಿನೈದು ಹೆಜ್ಜೆ ದೂರದಲ್ಲಿ ಹಸಿ ಆನೆ ಲದ್ದಿ ಇತ್ತು, ನೀರಿನ ಕಡೆಗೆ ತಟ್ಟೆಯಗಲದ ಹೆಜ್ಜೆ ಗುರುತುಗಳು. ಆನೆಯನ್ನು ಎದುರಿಸಿ ಟಿಟ್ಟಿಭ ಏನು ಮಾಡಿತ್ತೋ ನೋಡಲು ಆಸೆಯಾಯಿತು. ದನ ಹೊಡೆದುಕೊಂಡು ಬಂದವರೊಬ್ಬರು, ‘ಐದರ ಮೇಲೆ ಇಲ್ಲಿ ಇರಬೇಡಿ, ನಿನ್ನೆ ಮರಿಯ ಜೊತೆ ಬಂದಿತ್ತು’ ಎಂದರು. ನಾಲ್ಕೂವರೆಗೇ ಹೊರಟೆವು. ಧೈರ್ಯದ ಪ್ರಶ್ನೆಯಲ್ಲ, ಮಾವನಿಗೆ ಆರರೊಳಗೆ ಜಗಲಿ ಸೇರಬೇಕಿತ್ತು. ಆರಕ್ಕೆ ಒಂದು ನಿಮಿಷ ಇರುವಾಗ ಸಿಳ್ಳೆ ಕೇಳಿಸಿತು.

ಮೈಸೂರಿಗೆ ಬಂದ ಎಂಟನೆಯ ದಿನ ರಾತ್ರಿ ಮಾವನ ಫೋನ್ ಬಂತು. ಹೂ ಉದುರಿದೆ, ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಮೋಡವಿದೆ, ಗಾಳಿ ಬಿಡುತ್ತಿಲ್ಲ. ಮಂಗಟ್ಟೆ ಹಣ್ಣು ತರುತ್ತಲೇ ಇದೆ. ಇಷ್ಟೆಲ್ಲ ಹೇಳಿ ಸ್ವಲ್ಪ ಸುಮ್ಮನಾದರು.

‘ಸೋಮವಾರದಿಂದ ನಿನ್ನ ಹಕ್ಕಿ ಕೂಗಿಲ್ಲ. ಇವತ್ತು ಆರೂ ಕಾಲಿನವರೆಗೆ ಕುಳಿತಿದ್ದೆ. ಗಡಿಯಾರದ ಸೆಲ್ ಹೋಗಿದೆಯೇನೋ ಎಂದು ಅದನ್ನೂ ಬದಲಿಸಿ ನೋಡಿದೆ.’